ಮಲ್ಪೆ ಪ್ಯಾರಾಸೇಲಿಂಗ್: ಹಳೇ ಗುಂಡು ಪ್ಯಾರಾಚೂಟ್ ನೆನಪಾಯ್ತು ಮಾರಾಯ್ರೆ
ಮೊಮ್ಮಗಳ ಹಠಕ್ಕೆ ಮಲ್ಪೆ ಬೀಚಲ್ಲಿ ಪ್ಯಾರಾಸೇಲಿಂಗ್ ಮಾಡಿದೆ. ನಾನು ಆಗ್ರಾದಲ್ಲಿ ಸೈನ್ಯದ ಪ್ಯಾರಾ ಟ್ರೈನಿಂಗ್ (ವಿಮಾನದಿಂದ ಪ್ಯಾರಾಚೂಟಲ್ಲಿ ಹಾರೋ ತರಬೇತಿ) ಆದವ, ಐದು ಜಂಪ್ ಮುಗಿಸಿ ಎದೆಗೆ ವಿಂಗ್ಸ್ ಬ್ಯಾಡ್ಜ್ ಹಾಕಿಸ್ಕೊಂಡವ, ಆಮೇಲೆ ಸ್ಕೈಡೈವಿಂಗ್ ಹುಚ್ಚೂ ಹತ್ತಿತ್ತು, ಹಾಗಾಗಿ ಬೋಟ್ ಎಳೆಯೋ ಚೂಟಲ್ಲಿ ಎಂತ ಉಂಟು ಅಂತ ಸ್ವಲ್ಪ ಸಸಾರವೇ ಇತ್ತು. ಆದ್ರೆ ತಲೆ ಮೇಲೆ ಆ ಗುಂಡು ಚೂಟ್ ಅರಳಿದ್ದು ನೋಡಿ ಎಲ್ಲಾ ನೆನಪಾಯ್ತು.

ನಮ್ಮದೂ ಗುಂಡಗಿಂದೇ. ಮೇನ್ ಚೂಟ್ ಬೆನ್ನಿಗೆ, ಅದು ಕೈಕೊಟ್ರೆ ಬೇಕಾಗೋ ರಿಸರ್ವ್ ಚೂಟ್ ಹೊಟ್ಟೆ ಮೇಲೆ, ವಿಮಾನ ಹತ್ತುವಾಗ ತುಂಬು ಬಸುರಿ ನಡಿಗೆ! ಗಾಳಿ ಒಯ್ದಲ್ಲಿಗೆ ಹೋಗ್ಬೇಕು, ಇಳಿಯುವಾಗ ಕಾಲು ಜೋಡಿಸಿ ಪಕ್ಕಕ್ಕೆ ಉರುಳದಿದ್ರೆ ಕಾಲಿನ ಗಂಟು ಢಮಾರ್. ಈಗಿನ ಸ್ಕೈಡೈವಿಂಗ್‌ನವ್ರಿಗೆ ಬೇಕಾದ ಕಡೆ ತಿರುಗಿಸೋ, ಗಾಳಿ ತುಂಬಿ ರೆಕ್ಕೆ ಹಾಗೆ ಉಬ್ಬೋ ಚೌಕದ ರಾಮ್‌ಏರ್ ಚೂಟ್, ಎರಡೂ ಬೆನ್ನಲ್ಲೇ, ಮೇನ್ ಕೈಕೊಟ್ರೆ ಕಳಚಿ ಬಿಡ್ಲಿಕ್ಕೆ ಮೂರು ರಿಂಗಿನ ರಿಲೀಸ್, ಮತ್ತೆ 1991ರಲ್ಲಿ ಬಂದ ಸೈಪ್ರೆಸ್ ಅನ್ನೋ ಪುಟ್ಟ ಯಂತ್ರ ಅಂತೂ ಕೆಳಗೆ ಬಂದ್ರೂ ಸ್ಪೀಡ್ ಇಳಿಯದಿದ್ರೆ ರಿಸರ್ವನ್ನು ತಾನೇ ಬಿಚ್ತದೆ.

ಮಲ್ಪೆಯ ಬೋಟಿನ ಹುಡುಗ್ರು ಹಾರ್ನೆಸ್ ಬಕಲ್ ಎರಡೆರಡು ಸಲ ಎಳ್ದು ನೋಡಿದ್ರು, ಅದಕ್ಕೇ ನಾಲ್ಕು ಸ್ಟಾರ್. ಲೈಫ್ ಜಾಕೆಟ್ ಮಾತ್ರ ಒಣಮೀನಿನ ವಾಸನೆ, ಮತ್ತೆ ಆ ರೇಟಿಗೆ ಇಷ್ಟು ಬೇಗ ಇಳಿಸೋದಾ? ಮೊಮ್ಮಗಳು ಆಗ್ಲೇ ಪುನಃ ಕ್ಯೂನಲ್ಲಿ.