ಸಾಗಾ ಎರಡನೇ ಆವೃತ್ತಿ: ದಣಿವಿನ ಲೆಕ್ಕ ಬಲ್ಲವರ ಆಟ

ಫ್ರಾನ್ಸಿನ ಸ್ಟುಡಿಯೋ ಟೊಮಾಹಾಕ್‌ನ ಸಾಗಾ, ಮೇಜಿನ ಮೇಲೆ ಗೊಂಬೆ ಸೈನಿಕರನ್ನು ನಡೆಸಿ ಆಡುವ ಯುದ್ಧದಾಟ, 2011ರಲ್ಲಿ ಬಂತು, ಎರಡನೇ ಆವೃತ್ತಿ 2018ರಲ್ಲಿ. ಕೊಳ್ಳುವ ಮುನ್ನ ಒಂದು ಮಾತು. ಮೂಲ ನಿಯಮಗಳ ತೆಳು ಪುಸ್ತಕವೊಂದೇ ಇದ್ದರೆ ಆಡಲಾಗದು. ವೈಕಿಂಗ್ ಕಾಲದ ಸೈನ್ಯಗಳ ವಿವರವೂ ಬ್ಯಾಟಲ್‌ಬೋರ್ಡ್‌ಗಳೂ (ದಾಳಗಳನ್ನು ಚೌಕಗಳಲ್ಲಿಟ್ಟು ಪಡೆಗೆ ಆಜ್ಞೆ ಕೊಡುವ ಹಲಗೆಗಳು) ಇರುವುದು ‘ಏಜ್ ಆಫ್ ವೈಕಿಂಗ್ಸ್’ನಲ್ಲಿ, ಅದನ್ನೂ ಕೊಳ್ಳಬೇಕು. ಹಳೆಯ ಬೋರ್ಡುಗಳು ಹೊಸ ನಿಯಮಕ್ಕೆ ಹೊಂದುವುದಿಲ್ಲ. ಎರಡು ಪುಸ್ತಕದ ಖರ್ಚು ಹೊಟ್ಟೆ ಉರಿಸುವಂಥದ್ದೇ.

ಚಿಹ್ನೆ ಇರುವ ವಿಶೇಷ ಸಾಗಾ ದಾಳಗಳನ್ನು ಮಾತ್ರ ಕೊಳ್ಳದಿದ್ದರೂ ನಡೆಯುತ್ತದೆ. ಸಾಮಾನ್ಯ ದಾಳದಲ್ಲಿ 1–3 ಮೊದಲ ಚಿಹ್ನೆ, 4–5 ಎರಡನೆಯದು, 6 ಅಪರೂಪದ್ದು. ಅಂಥ ಎಂಟು ದಾಳ ಸಾಕು.

ಮಾಮೂಲಿ ಪಂದ್ಯ 6 ಪಾಯಿಂಟಿನದು, ದಳಪತಿ ಬಿಟ್ಟಿ. ಒಂದು ಪಾಯಿಂಟಿಗೆ 4 ಹಾರ್ತ್‌ಗಾರ್ಡ್, ಇಲ್ಲವೆ 8 ವಾರಿಯರ್, ಇಲ್ಲವೆ 12 ಲೆವಿ. ಹಾರ್ತ್‌ಗಾರ್ಡ್ ಎಂದರೆ ಒಡೆಯನ ಖಾಸಾ ಭಟರು, ನಮ್ಮ ಶಾಸನಗಳ ವೇಳೆವಾಳಿಗಳ ಹಾಗೆ. ವಾರಿಯರ್ ಮಾಮೂಲಿ ಯೋಧರು, ಲೆವಿ ಹೊಲದಿಂದ ಎಳೆದು ತಂದ ಜನ. ಇಂಗ್ಲೆಂಡಿನ ಆಂಗ್ಲೋ-ಡೇನ್ ಪಡೆಗೆ ಹಾರ್ತ್‌ಗಾರ್ಡ್ 2, ವಾರಿಯರ್ 3, ಲೆವಿ 1 ಪಾಯಿಂಟ್ ಇಟ್ಟರೆ ದಳಪತಿ ಸೇರಿ 45 ಗೊಂಬೆ. ಗೊಂಬೆಯ ಕಾಲಡಿಯ ದುಂಡು ಬೇಸ್ 25 ಮಿ.ಮೀ. ಇರಲಿ.

ದಳದಲ್ಲಿ 4ರಿಂದ 12 ಜನ ಇರಬಹುದು. ಹೊಸಬರು 24 ವಾರಿಯರ್‌ಗಳನ್ನು ಹನ್ನೆರಡರ ಎರಡು ಗುಂಪು ಮಾಡುತ್ತಾರೆ, ನೋಡಲು ಗಟ್ಟಿ ಎಂದು. ಆದರೆ ಸಾಗಾ ದಾಳ ಹುಟ್ಟುವುದು ತಲೆ ಎಣಿಕೆಯಿಂದಲ್ಲ, ದಳದ ಎಣಿಕೆಯಿಂದ. ಎಂಟರ ಮೂರು ದಳ ಮಾಡಿದರೆ ದಾಳ ಮೂರು. ಅಡಿಗಡಿಗೆ ಒಂದು ದಾಳ ಕಡಿಮೆಯಾದರೆ ಬೋರ್ಡಿನ ಒಳ್ಳೆಯ ಚೌಕಗಳು ಖಾಲಿ ಕೂರುತ್ತವೆ. ವಾರಿಯರ್ ದಳ ನಾಲ್ವರಿಗಿಂತ ಕೆಳಗಿಳಿದರೆ ಅದರ ದಾಳವೂ ಹೋಯಿತು ಎಂಬುದು ನೆನಪಿರಲಿ.

ಇನ್ನು ದಣಿವು. ಒಂದು ದಳವನ್ನು ಒಂದೇ ಸರದಿಯಲ್ಲಿ ಎರಡನೇ ಸಲ ನಡೆಸಿದರೆ ಅದಕ್ಕೆ ಒಂದು ದಣಿವಿನ ಗುರುತು, ಕೈಕೈ ಕಾದಾಟ ಮುಗಿದರೆ ಇನ್ನೊಂದು. ಹಿಂದೆ ಸುಸ್ತಾಗುವ ಮಿತಿ ದರ್ಜೆಗೊಂದರಂತೆ ಬೇರೆಬೇರೆ ಇತ್ತು. ಈಗ ಎಲ್ಲರಿಗೂ ಮೂರು, ನೆನಪಿಡುವ ತಾಪತ್ರಯ ತಪ್ಪಿತು. ಎದುರಾಳಿಯ ದಣಿವನ್ನು ನೀವು ಖರ್ಚು ಮಾಡಿ ಅವನ ನಡಿಗೆ ಮೊಟಕಿಸಬಹುದು, ನಿಮ್ಮ ಕವಚವನ್ನು, ಅಂದರೆ ನಿಮಗೆ ಏಟು ತಾಗಲು ದಾಳದಲ್ಲಿ ಬೀಳಬೇಕಾದ ಕನಿಷ್ಠ ಅಂಕಿಯನ್ನು, ಒಂದು ಏರಿಸಬಹುದು. ಇದನ್ನು ಮರೆತವರು ಸೋಲುವುದೇ ಹೆಚ್ಚು.

ಹೊಸದಾಗಿ ಬಂದ ‘ಕ್ಲೋಸಿಂಗ್ ರ್‍ಯಾಂಕ್ಸ್’, ಅಂದರೆ ಗುರಾಣಿಗೆ ಗುರಾಣಿ ತಾಗಿಸಿ ನಿಲ್ಲುವುದು, ಕಾಲಾಳುಗಳಿಗೆ ಮಾತ್ರ. ಉಳಿಕೆಯ ಎಸೆತ, ಅಂದರೆ ತಾಗಿದ ಏಟಿನಿಂದ ಪಾರಾಗಲು ಎಸೆಯುವ ದಾಳ, 5+ (5 ಅಥವಾ ಹೆಚ್ಚು) ಬದಲು 4+ ಆಗುತ್ತದೆ, ನಿಮ್ಮ ದಾಳಿಯ ದಾಳ ಅರ್ಧವಾಗುತ್ತದೆ. ಕೇಳಲು ಚೆಂದ, ಲೆಕ್ಕ ಹಾಕಿದರೆ ಬೇರೆ. ಕವಚ 4ರ ಎಂಟು ವಾರಿಯರ್‌ಗಳು ತಮ್ಮಂಥದೇ ಎಂಟು ಜನರನ್ನು ಎದುರಿಸಿದಾಗ ಇಬ್ಬರೂ ಸರಾಸರಿ 2.67 ಜನರನ್ನು ಕಳೆದುಕೊಳ್ಳುತ್ತಾರೆ. ಒತ್ತಾಗಿ ನಿಂತವರು 2 ಕಳೆದುಕೊಂಡು ಕೊಲ್ಲುವುದು 1.33, ಕಾದಾಟದಲ್ಲಿ ಸೋತಂತೆಯೇ. ಅದೇ ಎದುರಾಳಿಯ ಒಂದು ದಣಿವು ಖರ್ಚು ಮಾಡಿ ಕವಚ 5 ಮಾಡಿಕೊಂಡು, ಸಾಲು ಬಿಗಿಯದೆ ಹೊಡೆದರೆ 1.78 ಕಳೆದುಕೊಂಡು 2.67 ಕೊಲ್ಲುತ್ತಾರೆ. ಹಾಗಾಗಿ ಒತ್ತಾಗಿ ನಿಲ್ಲುವುದು ಹಾರ್ತ್‌ಗಾರ್ಡ್‌ಗಳು ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು, ಗೆಲ್ಲಲಿಕ್ಕಲ್ಲ.

ಅಳತೆ ಕೋಲು ನಾಲ್ಕೇ: 2, 4, 6, 12 ಇಂಚು. ಕಾಲಾಳು ನಡೆಯುವುದು 6, ಕುದುರೆ 12. ಮೇಜು 48×36 ಇಂಚು ಇದ್ದರಾಯಿತು, ಊಟದ ಮೇಜೇ ಸಾಕು.

ಬೇಸರ ತರಿಸುವುದು ಬೋರ್ಡಿನ ಅಕ್ಷರ. ಚೌಕ ಚೌಕಕ್ಕೂ ಒತ್ತೊತ್ತಾದ ಸಾಲು, ಎರಡು ಕಡೆಯವರೂ ಓದುತ್ತ ಕೂತರೆ ಮೊದಲ ಕೆಲವು ಪಂದ್ಯ ಆಮೆನಡಿಗೆ. ಎದುರಾಳಿಯ ಬೋರ್ಡನ್ನೂ ಮುಂಚೆಯೇ ಓದಿಕೊಂಡಿದ್ದರೆ ಅರ್ಧ ಹೊತ್ತು ಉಳಿಯುತ್ತದೆ. ಪುಸ್ತಕದಲ್ಲಿ ಪಡೆ 12 ಇದ್ದರೂ ಎಲ್ಲವೂ ಹೊಸಬರಿಗಲ್ಲ. ಕುದುರೆ ಮತ್ತು ಬಾಣ ಎರಡನ್ನೂ ಸಂಭಾಳಿಸಬೇಕಾದ ನಾರ್ಮನ್ನರಿಗಿಂತ ನುಗ್ಗಿ ಹೊಡೆಯುವ ವೈಕಿಂಗರು ಸಲೀಸು. ಎದುರಾಳಿಗೆ ದಣಿವು ಹೇರುವ ಆಂಗ್ಲೋ-ಡೇನರನ್ನು ಆಮೇಲೆ ಹಿಡಿಯಿರಿ.

ದಣಿವಿನ ಗುರುತಿಗೆ ದುಡ್ಡು ಕೊಟ್ಟು ಟೋಕನ್ ತರಿಸಬೇಡಿ, ಹುಣಸೆ ಬೀಜ ಸಾಕು. ತಲಾ ಇಪ್ಪತ್ತು ಇಟ್ಟುಕೊಳ್ಳಿ.