ಫೇಸ್ ಆಯಿಲ್ ಕೊಳ್ಳುವ ಮುಂಚೆ ಬಾಟಲಿಯ ಹಿಂಭಾಗ ಓದಿ

ಬಳ್ಳಾರಿ ಬಿಸಿಲಿನಲ್ಲಿ ಓಡಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ತಂಗಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಅವಳು ಸಿರುಗುಪ್ಪದ ಕಡೆಯ ಶಾಲೆಯೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಇಲ್ಲಿನ ಒಂದು ಫ್ಯಾನ್ಸಿ ಸ್ಟೋರಿನವರು ಮುಖಕ್ಕೆ ಹಚ್ಚುವ ಎಣ್ಣೆ ಕೊಟ್ಟರು. ಬಾಟಲಿಯ ಮೇಲೆ ಬಾದಾಮಿ, ಕೇಸರಿಯ ಚಿತ್ರ. ‘ಪೂರ್ತಿ ನ್ಯಾಚುರಲ್ ಮೇಡಂ, ಬೆಳಗ್ಗೆ ಹಚ್ಕೊಂಡು ಹೋಗ್ರಿ’ ಅಂದರಂತೆ. ಕೆಲವೇ ದಿನಗಳಲ್ಲಿ ಕೆನ್ನೆ ಕೆಂಪಾಗಿ ಉರಿಯತೊಡಗಿತು. ಬಸ್ಸಿನ ಕಿಟಕಿಯ ಕಡೆಗಿದ್ದ ಕೆನ್ನೆಗೇ ಜಾಸ್ತಿ. ಉರಿ ಇಳಿದರೂ ಕಪ್ಪು ಕಲೆ ಉಳಿಯಿತು. ಇಂಥ ಕಲೆ ಹೋಗಲು ತಿಂಗಳುಗಟ್ಟಲೆ ಬೇಕು.

ಚರ್ಮದ ಡಾಕ್ಟರು ಮೊದಲು ಕೇಳಿದ್ದೇ ಆ ಬಾಟಲಿಯನ್ನು. ಹಿಂದಿನ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆವು. ಮೊದಲ ಹೆಸರು ‘ಪ್ಯಾರಾಫಿನಮ್ ಲಿಕ್ವಿಡಮ್’. ಆಮೇಲೆ ಎಣ್ಣೆಯ ಜಿಡ್ಡು ಕಡಿಮೆ ಅನಿಸುವಂತೆ ಮಾಡುವ ‘ಐಸೊಪ್ರೊಪೈಲ್ ಮಿರಿಸ್ಟೇಟ್’, ‘ಪರ್ಫಮ್’ ಅಂದರೆ ಸೆಂಟು, ‘ಸಿಟ್ರಸ್ ಲಿಮನ್ ಪೀಲ್ ಆಯಿಲ್’ ಅಂದರೆ ನಿಂಬೆ ಸಿಪ್ಪೆ ಎಣ್ಣೆ. ‘ಪ್ರೂನಸ್ ಅಮಿಗ್ಡಾಲಸ್ ಡಲ್ಸಿಸ್ ಆಯಿಲ್’, ಅಂದರೆ ಬಾದಾಮಿ ಎಣ್ಣೆ, ಇವೆಲ್ಲ ಆದ ಮೇಲೆ. ಕೇಸರಿ ಕಟ್ಟಕಡೆಗೆ.

ಈ ಸಾಲು ಸುಮ್ನೆ ಬರೆದದ್ದಲ್ಲ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಬರಬೇಕು ಅಂತ ನಿಯಮವಿದೆ. ಶೇಕಡಾ 1 ಅಥವಾ ಅದಕ್ಕಿಂತ ಕಡಿಮೆ ಇರುವವನ್ನು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರೆಯಬಹುದು. ಸೆಂಟನ್ನು ಸಾಮಾನ್ಯವಾಗಿ ತುಂಬಾ ಕಡಿಮೆ ಹಾಕುತ್ತಾರೆ. ಬಾದಾಮಿ ಅದರ ನಂತರ ಬಂದಿದೆ ಅಂದರೆ ಎಷ್ಟಿರಬಹುದು, ನೀವೇ ಯೋಚಿಸಿ.

ಮೊದಲ ಹೆಸರಿನದು ಲಿಕ್ವಿಡ್ ಪ್ಯಾರಾಫಿನ್, ಪೆಟ್ರೋಲಿಯಂನಿಂದ ತೆಗೆದು ಶುದ್ಧ ಮಾಡಿದ ಮಿನರಲ್ ಆಯಿಲ್. ಅದು ವಿಷವೇನಲ್ಲ, ಎಷ್ಟೋ ಬೇಬಿ ಆಯಿಲ್‌ಗಳಲ್ಲಿ ಇರುವುದೂ ಅದೇ. ಆದರೆ ಬಾದಾಮಿಯ ಹೆಸರು ಹೇಳಿ, ಬಾದಾಮಿಯ ರೇಟು ತೆಗೆದುಕೊಂಡು ಅದನ್ನು ಕೊಡುವುದು ಮೋಸ ಅಂತಲೇ ನನಗನಿಸುತ್ತದೆ.

ಡಾಕ್ಟರು ಬೆರಳಿಟ್ಟದ್ದು ಸೆಂಟು ಮತ್ತು ನಿಂಬೆ ಸಿಪ್ಪೆ ಎಣ್ಣೆಯ ಮೇಲೆ. ಸಿಪ್ಪೆಯನ್ನು ಹಿಂಡಿ ತೆಗೆದ ನಿಂಬೆ ಎಣ್ಣೆಯಲ್ಲಿ ಫ್ಯುರೊಕೂಮರಿನ್ ಅನ್ನುವ ಅಂಶಗಳಿರುತ್ತವೆ. ಅವು ಚರ್ಮದ ಮೇಲಿರುವಾಗ ಬಿಸಿಲು ತಾಗಿದರೆ ಚರ್ಮ ಸುಟ್ಟಂತಾಗಬಹುದು. ನಿಂಬೆ ಜಾತಿಯದೇ ಹಣ್ಣಾದ ಬರ್ಗಮಾಟ್‌ನ ಎಣ್ಣೆಯದೂ ಇದೇ ಕಥೆ. ನಿಂಬೆ ನ್ಯಾಚುರಲ್ಲೇ ಅಲ್ವಾ? ಆದರೂ ಹೀಗಾಯಿತು. ಇನ್ನು ಲಿಮೊನೀನ್, ಲಿನಲೂಲ್, ಸಿಟ್ರಲ್, ಜೆರಾನಿಯೋಲ್ ಎಂಬ ಹೆಸರುಗಳು ಕಂಡರೆ ಅವು ಪರಿಮಳದ ಅಂಶಗಳು. ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತವೆ.

ಇನ್ನೊಂದು ವಿಷಯ ಅನೇಕರಿಗೆ ತಿಳಿದಿಲ್ಲ. ನಮ್ಮ ದೇಶದ ನಿಯಮದಲ್ಲಿ 60 ಮಿ.ಲೀ.ಗಿಂತ ಚಿಕ್ಕ ಬಾಟಲಿಗೆ ಈ ಪಟ್ಟಿ ಹಾಕಲೇಬೇಕು ಅಂತಿಲ್ಲ. ಫೇಸ್ ಆಯಿಲ್ ಹೆಚ್ಚಾಗಿ ಬರುವುದೇ 30 ಮಿ.ಲೀ. ಬಾಟಲಿಯಲ್ಲಿ! ಪಟ್ಟಿ ಕೊಡದವರ ಎಣ್ಣೆಯನ್ನು ನಾನಂತೂ ಮುಟ್ಟುವುದಿಲ್ಲ. ಒಳಗೆ ಏನಿದೆ ಅಂತ ಹೇಳುವ ಕಂಪನಿಗಳು ಬೇಕಾದಷ್ಟಿವೆ.

ತಯಾರಿಕೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವ ತಾರೀಕಿನೊಳಗೆ ಬಳಸಬೇಕು ಎನ್ನುವುದೂ ಇರಲೇಬೇಕು, ನೋಡಿ. ನಮ್ಮ ಸೆಕೆಗೆ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಮುಚ್ಚಳ ತೆಗೆದಾಗ ಹಳೇ ಕಡಲೆಬೀಜದ ವಾಸನೆ ಬಂದರೆ ಹಚ್ಚಬೇಡಿ. ಹೊಸ ಎಣ್ಣೆ ತಂದಾಗ ಮೊದಲು ಮೊಣಕೈಯ ಒಳಭಾಗಕ್ಕೆ ಕೆಲವು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ.

ತಂಗಿ ಬಾಟಲಿ ಹಿಡಿದು ಹೋಗಿ ಕೇಳಿದಾಗ ಅಂಗಡಿಯವರು ಬಿಲ್ ಎಲ್ಲಿ ಅಂದರು. ಬಿಲ್ ಅವರು ಕೊಟ್ಟೇ ಇರಲಿಲ್ಲ. ಹಾಗಾಗಿ ಬಿಲ್ ಕೇಳಿ ಪಡೆಯಿರಿ, ಎಣ್ಣೆ ಮುಗಿಯುವ ತನಕ ಡಬ್ಬ ಎಸೆಯಬೇಡಿ. ತೊಂದರೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.