ಲೋಹದ ಮಂಡಿ: ಎರಡು ವರ್ಷ ಬಳಸಿದ ಮೇಲೆ

ಫೋನಿಗೆ, ಬೈಕಿಗೆಲ್ಲ ರಿವ್ಯೂ ಬರೆಯುತ್ತಾರೆ. ನಾನು ನನ್ನ ಎಡಗಾಲಿನ ಮಂಡಿಗೆ ಬರೆಯುತ್ತಿದ್ದೇನೆ. ಕೋಲಾರದ ಎಪಿಎಂಸಿಯ ಟೊಮೇಟೊ ಮಂಡಿಯಲ್ಲಿ ನನ್ನ ಕೆಲಸ. ಯಾರಾದರೂ ‘ಮಂಡಿ ಹೇಗಿದೆಯಪ್ಪ’ ಅಂದರೆ ಯಾವ ಮಂಡಿ ಅಂತ ಕೇಳಬೇಕಾಗುತ್ತದೆ.

15 ಕೆಜಿ ಬಾಕ್ಸ್ ದಿನವಿಡೀ ಎತ್ತಿ ಇಳಿಸುವವನಿಗೆ ಮಂಡಿ ನೋವು ಬಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ಈ ನೋವು ರಾತ್ರಿ ಮಲಗಿದಾಗಲೇ ಜಾಸ್ತಿ. ಮಂಡಿಯ ಸ್ವಲ್ಪ ಮೇಲೆ ಗಟ್ಟಿ ಊತ. ಅಜ್ಜಿ ಮಾತು ಕೇಳಿ ಎರಡು ತಿಂಗಳು ಎಣ್ಣೆ ಹಾಕಿ ತಿಕ್ಕಿಸಿಕೊಂಡೆ, ನಾಟಿ ಕಟ್ಟು ಕಟ್ಟಿಸಿಕೊಂಡೆ. ಅದು ಗೆಡ್ಡೆ ಅಂತ ಗೊತ್ತಾಗಿದ್ದು ಆಮೇಲೆ. ಗೆಡ್ಡೆ ಇರುವ ಕಡೆ ತಿಕ್ಕಲೇಬಾರದಂತೆ!

ಎಕ್ಸ್‌ರೇ ನೋಡಿದ ಒಂದು ನರ್ಸಿಂಗ್ ಹೋಮಿನವರು ‘ಇಲ್ಲೇ ಕುಯ್ದು ಒಂದು ಚೂರು ಟೆಸ್ಟಿಗೆ ಕಳಿಸೋಣ’ ಅಂದರು. ಅಕ್ಕ ನರ್ಸಿಂಗ್ ಓದಿದವಳು, ಬೇಡ ಅಂತ ಹಟ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋದಳು. ನನ್ನ ಕಾಲು ಉಳಿದದ್ದಕ್ಕೆ ಅರ್ಧ ಪುಣ್ಯ ಅವಳದೇ. ಹೀಗೆ ಚೂರು ತೆಗೆದು ಟೆಸ್ಟ್ ಮಾಡುವುದಕ್ಕೆ ಬಯಾಪ್ಸಿ ಅನ್ನುತ್ತಾರೆ. ಬಯಾಪ್ಸಿ ಸೂಜಿ ಹೋದ ದಾರಿಯನ್ನೂ ಆಮೇಲೆ ಗೆಡ್ಡೆಯ ಜೊತೆ ಕುಯ್ದು ತೆಗೆಯಬೇಕು. ಎಲ್ಲೆಂದರಲ್ಲಿ ಕುಯ್ದರೆ ಚೆನ್ನಾಗಿರುವ ಮಾಂಸಕ್ಕೂ ಕ್ಯಾನ್ಸರ್ ಹರಡಿ, ಉಳಿಸಬಹುದಾದ ಕಾಲನ್ನೂ ಕಳೆದುಕೊಳ್ಳಬೇಕಾಗಬಹುದು. ಆದ್ದರಿಂದ ಬಯಾಪ್ಸಿಯನ್ನು ಆಪರೇಷನ್ ಮಾಡುವ ಡಾಕ್ಟರ ಕೈಯಲ್ಲೇ ಮಾಡಿಸಿ, ಇಲ್ಲವೇ ಅವರು ಗುರುತು ಮಾಡಿಕೊಟ್ಟ ಜಾಗದಲ್ಲೇ ಮಾಡಿಸಿ.

ರಿಪೋರ್ಟಲ್ಲಿ ಆಸ್ಟಿಯೋಸಾರ್ಕೋಮಾ, ಅಂದರೆ ಒಂದು ಬಗೆಯ ಮೂಳೆ ಕ್ಯಾನ್ಸರ್ ಅಂತ ಬಂತು. ಅಮ್ಮ ಕೇಳಿದ್ದು ಒಂದೇ, ‘ಕಾಲು ತೆಗೆದುಬಿಡ್ತೀರಾ ಸಾರ್?’ ಮೊದಲು ಸುಮಾರು 10 ವಾರ ಕೀಮೋ, ಆಮೇಲೆ ಆಪರೇಷನ್, ಮತ್ತೆ ಕೀಮೋ ಅಂದರು. ಕೀಮೋದಲ್ಲಿ ಒಂದು ಔಷಧಿ ಕೆಂಪಗಿರುತ್ತದೆ, ಮೂತ್ರವೂ ಕೆಂಪಗಾಗುತ್ತದೆ. ನರ್ಸ್ ಮೊದಲೇ ಹೇಳಿದ್ದರು, ಇಲ್ಲದಿದ್ದರೆ ರಕ್ತ ಅಂದುಕೊಂಡು ಅಲ್ಲೇ ಬೀಳುತ್ತಿದ್ದೆ. ಕಾಲು ಕತ್ತರಿಸಿದರೆ ಜಾಸ್ತಿ ದಿನ ಬದುಕುತ್ತೀಯ ಅಂತ ಮಾವ ಹೆದರಿಸಿದ್ದರು. ಗೆಡ್ಡೆಯನ್ನು ಪೂರ್ತಿ ತೆಗೆಯಲು ಆಗುವಂತಿದ್ದರೆ ಹಾಗೇನಿಲ್ಲ, ಎರಡರಲ್ಲೂ ಬದುಕುವ ಅವಕಾಶ ಹೆಚ್ಚುಕಮ್ಮಿ ಒಂದೇ. ನನಗೆ ತೊಡೆ ಮೂಳೆಯ ಕೆಳಭಾಗ, ಮಂಡಿಯ ಕೀಲು, ಸುತ್ತಲಿನ ಒಂದಿಷ್ಟು ಮಾಂಸ ಎಲ್ಲ ತೆಗೆದು, ಬಾಗಿಲ ಕೀಲಿನ ಹಾಗೆ ಮಡಚುವ ಲೋಹದ ಮಂಡಿ ಕೂರಿಸಿದರು. ಇನ್ನೂ ಬೆಳೆಯುವ ಮಕ್ಕಳಿಗೆ ಉದ್ದ ಮಾಡಬಹುದಾದದ್ದೂ ಬರುತ್ತದೆ.

ಈಗ ಮಂಡಿಯ ವಿಷಯ. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಬಸ್ಸಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು. ಓಡುವ ಹಾಗಿಲ್ಲ, ಚಕ್ಕಳಮಕ್ಕಳ ಹಾಕುವ ಹಾಗಿಲ್ಲ, ಕುಕ್ಕರಗಾಲಲ್ಲಿ ಕೂರುವುದಂತೂ ಇಲ್ಲವೇ ಇಲ್ಲ. ಮನೆಯ ಟಾಯ್ಲೆಟ್ ಒಡೆಸಿ ಕಮೋಡ್ ಹಾಕಿಸಿದೆವು. ಬಾಕ್ಸ್ ಎತ್ತುವುದು ಬಂದ್, ಈಗ ಮಂಡಿಯಲ್ಲಿ ಚೀಟಿ ಬರೆಯುತ್ತೇನೆ. ಕೆಲವೊಮ್ಮೆ ಎದ್ದು ನಿಂತಾಗ ಒಳಗಿಂದ ‘ಟಕ್’ ಅನ್ನುತ್ತದೆ, ಪಕ್ಕದವರು ನನ್ನ ಚಪ್ಪಲಿ ನೋಡುತ್ತಾರೆ. ಬೆಂಗಳೂರಿನ ಮೆಟ್ರೋದಲ್ಲಿ ಮೆಷಿನ್ ಕೂಗಿದರೆ ಪ್ಯಾಂಟ್ ಮೇಲೆ ಕೈ ಇಟ್ಟು ‘ಸಾರ್, ಒಳಗೆ ಕಬ್ಬಿಣ’ ಅನ್ನುತ್ತೇನೆ.

ಬೇಜಾರಿನ ವಿಷಯ ಒಂದೇ, ವ್ಯಾಯಾಮ. ಡಿಸ್ಚಾರ್ಜ್ ದಿನ ಅವಸರದಲ್ಲಿ ಒಂದು ಕಾಗದ ಕೈಗಿಟ್ಟು ಕಳಿಸಿಬಿಟ್ಟರು. ಹಿಮ್ಮಡಿ ಕೆಳಗೆ ಟವೆಲ್ ಸುತ್ತಿಟ್ಟು, ತೊಡೆ ಬಿಗಿ ಮಾಡಿ, ಮಂಡಿಯನ್ನು ಹಾಸಿಗೆಗೆ ಒತ್ತಿ ಹಿಡಿಯಬೇಕು, ಇಷ್ಟೇ. ಆದರೆ ಅಕ್ಕ ಎದುರು ಕೂತು ಎಣಿಸುವ ತನಕ ನಾನು ಸುಮ್ನೆ ಕಾಲು ಅಲ್ಲಾಡಿಸುತ್ತಿದ್ದೆ, ಅಷ್ಟೇ.

ಖರ್ಚು ಕೇಳುತ್ತೀರಿ ಅಲ್ವಾ? ನಮ್ಮದು ಬಿಪಿಎಲ್ ಕಾರ್ಡ್. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ಓಡಾಟ, ರೂಮು, ಊಟ ಕೈಯಿಂದಲೇ.

ಹೋದ ತಿಂಗಳು ಹಲ್ಲಿನ ಪಕ್ಕ ಕೀವಾಯಿತು. ಬೇರೆಯವರಾದರೆ ಲವಂಗ ಇಟ್ಟುಕೊಂಡು ಮಲಗುತ್ತಾರೆ. ನಾನು ಅವತ್ತೇ ಹಲ್ಲಿನ ಡಾಕ್ಟರ ಹತ್ತಿರ ಓಡಿದೆ, ಅಂದರೆ ಬೇಗ ನಡೆದೆ. ಆ ಸೋಂಕು ರಕ್ತದಲ್ಲಿ ಹೋಗಿ ಲೋಹಕ್ಕೆ ಅಂಟಿಕೊಂಡರೆ ಮತ್ತೆ ಬಿಚ್ಚಬೇಕಾಗಬಹುದು.